ನಮ್ಮದಲ್ಲದ ತಪ್ಪಿಗೆ ಪೆಟ್ಟು ಬಿದ್ದರೆ

ಸಂತೆ ಮುಗಿಸಿ ರಸ್ತೆ ಬದಿಯಲ್ಲಿ ನಡೆದು ಬರ್ತಾ ಇರ್ತೀವಿ. ಹಿಂದಿನಿಂದ ಒಂದು ಬೈಕು ಬಂದು ಗುದ್ದುತ್ತೆ. ಕಾಲು ಮುರಿಯುತ್ತೆ. ಜನ ಸೇರ್ತಾರೆ. ಬೈಕಿನವನು ಕೈ ಮುಗಿದು, "ಪೊಲೀಸು ಗಿಲೀಸು ಬೇಡ, ಆಸ್ಪತ್ರೆ ಖರ್ಚು ನಾನೇ ಕೊಡ್ತೀನಿ" ಅಂತಾನೆ. ಹಿರಿಯರೊಬ್ಬರು, "ಆಯ್ತು ಬಿಡಮ್ಮ, ನಿನ್ನ ಗ್ರಹಚಾರ" ಅಂತಾರೆ. ಐದು ಸಾವಿರ ರೂಪಾಯಿ ಕೈಗೆ ಬರುತ್ತೆ. ಒಂದು ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತೆ.

ಐದು ಸಾವಿರ ಎಷ್ಟು ದಿನಕ್ಕೆ ಸಾಕು? ಎಕ್ಸ್‌ರೇ, ಮಾತ್ರೆ, ಆಟೋ ಬಾಡಿಗೆ ಅಂತ ವಾರದಲ್ಲಿ ಕರಗುತ್ತೆ. ಆಮೇಲೆ ತಿಂಗಳುಗಟ್ಟಲೆ ಕೂಲಿ ಇಲ್ಲ. ಆಗ ಬೈಕಿನವನನ್ನು ಹುಡುಕಿದರೆ, "ರಾಜಿ ಆಗಿದೆಯಲ್ಲ" ಅಂತಾನೆ. ಹೆಬ್ಬೆಟ್ಟು ಒತ್ತಿದ ಆ ಕಾಗದವನ್ನೇ ಮುಂದೆ ಎದುರು ಪಕ್ಷದ ವಕೀಲರೂ ಎತ್ತಿ ತೋರಿಸ್ತಾರೆ.

ಇದು ಗ್ರಹಚಾರ ಅಲ್ಲ. ಇನ್ನೊಬ್ಬರ ಅಜಾಗರೂಕತೆಯಿಂದ ಆದ ನಷ್ಟ. ಅದನ್ನು ತುಂಬಿಕೊಡಬೇಕು ಅಂತ ಕಾನೂನು ಇದೆ. ಅದರ ಹೆಸರು ಮೋಟಾರು ವಾಹನ ಕಾಯ್ದೆ, 1988.

ಹಣ ಕೊಡುವವರು ಯಾರು?

"ಪಾಪ, ಅವನೂ ನಮ್ಮ ಹಾಗೆ ಬಡವ. ಅವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?" ಅಂತ ನಮ್ಮಲ್ಲಿ ಅನೇಕರು ಸುಮ್ಮನಾಗ್ತಾರೆ. ಒಳ್ಳೆಯ ಮನಸ್ಸೇ. ಆದರೆ ಒಂದು ವಿಷಯ ತಿಳಿದಿರಲಿ. ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ವಿಮೆ ಇರಲೇಬೇಕು. ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಮಾಡಿಸುವ ವಿಮೆ ಇದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಂತಾರಲ್ಲ, ಅದೇ. ಅದಕ್ಕೆ ಮಾಲೀಕ ಕಂತು ಕಟ್ಟಿರ್ತಾನೆ. ಕಟ್ಟಿಸಿಕೊಂಡ ಕಂಪನಿ ಪರಿಹಾರ ಕೊಡಬೇಕು. ವಿಮೆ ಇಲ್ಲದಿದ್ದರೆ ಮಾಲೀಕನೇ ಕೈಯಿಂದ ಕೊಡಬೇಕಾಗುತ್ತೆ. ಹಾಗಾಗಿ ದೂರು ಕೊಟ್ಟರೆ ಬಡವನ ಮನೆ ಮುರಿದ ಹಾಗೆ ಅಂತ ತಿಳಿಯಬೇಡಿ.

ಮೊದಲ ದಿನ

ಮೊದಲು ಜೀವ. 112ಕ್ಕೆ ಅಥವಾ 108ಕ್ಕೆ ಫೋನ್ ಮಾಡಬೇಕು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರಲ್ಲಿ ತಂದಿದೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1,50,000 ರೂಪಾಯಿ ತನಕ. ಆಸ್ಪತ್ರೆಯಲ್ಲಿ ಕೇಳಿ ನೋಡಿ.

ಆಮೇಲೆ ಗಾಡಿ ನಂಬರು. ಅಂಕಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. 'ಕೆಎ' ಅಂದರೆ ಕರ್ನಾಟಕ. ಆಮೇಲೆ ಬರುವ ಎರಡು ಅಂಕಿ ಗಾಡಿ ಯಾವ ಕಚೇರಿಯಲ್ಲಿ ನೋಂದಣಿ ಆಯಿತು ಅಂತ ಹೇಳುತ್ತೆ. ಕೊನೆಯ ನಾಲ್ಕು ಅಂಕಿಯನ್ನಾದರೂ ಬಾಯಲ್ಲಿ ಹೇಳಿಕೊಳ್ತಾ ಇರಿ. ಜೊತೆಯಲ್ಲಿರುವವರು ಅಂಗೈ ಮೇಲೆ ಬರೆದುಕೊಂಡರೂ ಆಯಿತು.

ಆಸ್ಪತ್ರೆಯಲ್ಲಿ "ಏನಾಯ್ತು?" ಅಂತ ಕೇಳ್ತಾರೆ. ನಾವು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ತಾರೆ. ಎಂ.ಎಲ್.ಸಿ. ಪುಸ್ತಕ ಅಂತಾರೆ. ಎಷ್ಟೋ ಕೇಸು ಸೋಲುವುದು ಇದೇ ಪುಸ್ತಕದ ಒಂದು ಸಾಲಿನಿಂದ. ನೋವಿನಲ್ಲೋ, ಪೊಲೀಸರ ಭಯಕ್ಕೋ, ಬೈಕಿನವನು ಬೇಡಿಕೊಂಡ ಅಂತಲೋ "ಜಾರಿ ಬಿದ್ದೆ" ಅಂದುಬಿಡ್ತೀವಿ. ಅಲ್ಲಿಗೆ ಮುಗೀತು. ವರ್ಷ ಕಳೆದ ಮೇಲೆ "ಬೈಕು ಗುದ್ದಿತು" ಅಂದರೆ ಕೋರ್ಟು ನಂಬುವುದು ಕಷ್ಟ. ಗುದ್ದಿದ್ದರೆ ಗುದ್ದಿತು ಅಂತಲೇ ಹೇಳಿ. ಏನು ಬರೆದರು ಅಂತ ಓದಿ ಕೇಳಿ. ಹಾಗೆಯೇ ಜಾರಿ ಬಿದ್ದದ್ದನ್ನು ಗಾಡಿ ಗುದ್ದಿತು ಅಂತಲೂ ಹೇಳಬಾರದು. ಅದು ಮೋಸ. ಅಂಥ ಸುಳ್ಳು ಕೇಸುಗಳಿಂದ ನಿಜವಾಗಿ ಪೆಟ್ಟು ತಿಂದವರನ್ನೂ ಅನುಮಾನದಿಂದ ನೋಡುವ ಹಾಗೆ ಆಗಿದೆ.

ಪೊಲೀಸ್ ಠಾಣೆಗೆ ದೂರು ಬೇಗ ಕೊಡಬೇಕು. ಮನೆಯವರು ಕೊಟ್ಟರೂ ನಡೆಯುತ್ತೆ. ತಡವಾದರೆ ಯಾಕೆ ತಡ ಅಂತ ದೂರಿನಲ್ಲೇ ಬರೆಸಿ. ದೂರು ಕೊಟ್ಟವರಿಗೆ ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು. ಅದಕ್ಕೆ ಕಾಸು ಕೊಡಬೇಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟ್ ಅವರಿಗೆ ಅಂಚೆಯಲ್ಲಿ ಕಳಿಸಬಹುದು.

ಕಾಗದಗಳನ್ನೆಲ್ಲ ಒಂದು ಚೀಲದಲ್ಲಿಡಿ. ಆಸ್ಪತ್ರೆ ಚೀಟಿ, ಔಷಧಿ ರಸೀದಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಆಟೋದವನು ಬರೆದುಕೊಟ್ಟ ಚೀಟಿ, ಯಾವುದನ್ನೂ ಎಸೀಬೇಡಿ. ಐವತ್ತು ರೂಪಾಯಿ ರಸೀದಿಯೂ ಸಾಕ್ಷಿಯೇ.

ಅರ್ಜಿ ಎಲ್ಲಿ ಹಾಕಬೇಕು?

ಪೊಲೀಸ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಪೊಲೀಸ್ ಕೇಸಿನಲ್ಲಿ ಗುದ್ದಿದವನಿಗೆ ದಂಡವೋ ಶಿಕ್ಷೆಯೋ ಆಗುತ್ತೆ. ಅದರಿಂದ ನಮ್ಮ ನಷ್ಟ ತುಂಬುವುದಿಲ್ಲ. ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನ್ಯಾಯಮಂಡಳಿ ಅಂದರೆ ದೂರದ ಜಾಗವೇನಲ್ಲ, ನಮ್ಮ ಕಡೆಯ ಕೋರ್ಟಿನಲ್ಲೇ ನಡೆಯುತ್ತೆ. ಅಪಘಾತ ಎಲ್ಲೋ ದೂರದಲ್ಲಿ ಆಗಿದ್ದರೂ ನಾವು ವಾಸವಿರುವ ಊರಿಗೆ ಸೇರಿದ ನ್ಯಾಯಮಂಡಳಿಯಲ್ಲೇ ಹಾಕಬಹುದು.

2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ, ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. "ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ" ಅಂತ ಕೂರಬೇಡಿ. ಆರು ತಿಂಗಳು ದಾಟಿಹೋಗಿದ್ದರೆ ಕೈ ಚೆಲ್ಲದೆ ವಕೀಲರನ್ನು ಕೇಳಿ.

ವಕೀಲರಿಗೆ ದುಡ್ಡಿಲ್ಲ ಅಂದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಅಂಗವಿಕಲರು, ಕಡಿಮೆ ವರಮಾನದವರು, ಇವರಿಗೆಲ್ಲ ವಕೀಲರನ್ನು ಪುಕ್ಕಟೆ ಕೊಡ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸ್ತಾರೆ. ಆಸ್ಪತ್ರೆ ಬಾಗಿಲಲ್ಲೇ "ಕೇಸು ನಾನು ಮಾಡಿಸ್ತೀನಿ, ಬಂದದ್ದರಲ್ಲಿ ಅರ್ಧ ಕೊಡಿ" ಅನ್ನುವ ದಲ್ಲಾಳಿಗಳನ್ನು ದೂರ ಇಡಿ. ಬರುವ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ.

ಎಷ್ಟು ಸಿಗುತ್ತೆ? ಲೆಕ್ಕ ನೋಡೋಣ

ಆಸ್ಪತ್ರೆ ಖರ್ಚು, ನೋವು ತಿಂದದ್ದಕ್ಕೆ, ನೋಡಿಕೊಂಡವರ ಕೂಲಿಗೆ, ಮಲಗಿದ್ದ ತಿಂಗಳುಗಳ ದುಡಿಮೆಗೆ, ಇವಕ್ಕೆಲ್ಲ ಬೇರೆ ಬೇರೆ ಲೆಕ್ಕ ಇದೆ. ದೊಡ್ಡ ಲೆಕ್ಕ ಅಂದರೆ ಮುಂದಿನ ದುಡಿಮೆಯದ್ದು.

ಗಾರೆ ಕೆಲಸ ಮಾಡುವ ಒಬ್ಬ ಅಕ್ಕ ಅಂತ ಇಟ್ಟುಕೊಳ್ಳೋಣ. ವಯಸ್ಸು 38. ತಿಂಗಳಿಗೆ 12,000 ರೂಪಾಯಿ ದುಡಿಮೆ. ವರ್ಷಕ್ಕೆ 1,44,000. ಕಾಲು ಮುರಿದು ಕುಂಟು ಉಳಿಯಿತು. ಡಾಕ್ಟರು ಇಡೀ ದೇಹಕ್ಕೆ ನೂರಕ್ಕೆ 15 ಊನ ಅಂದರು. 1,44,000ದಲ್ಲಿ ನೂರಕ್ಕೆ 15 ಅಂದರೆ 21,600. ವಯಸ್ಸಿಗೆ ತಕ್ಕ ಹಾಗೆ ಇದನ್ನು ಒಂದು ಸಂಖ್ಯೆಯಿಂದ ಗುಣಿಸ್ತಾರೆ. ಆ ಪಟ್ಟಿಯನ್ನು ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿತು. 36ರಿಂದ 40 ವಯಸ್ಸಿಗೆ 15. ಗುಣಿಸಿದರೆ 3,24,000 ರೂಪಾಯಿ.

ಆದರೆ ಇಷ್ಟಕ್ಕೆ ನಿಲ್ಲಬಾರದು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಕಾಲು ಕುಂಟಾದರೆ ಸಂಬಳ ನಿಲ್ಲದೆ ಇರಬಹುದು. ಬಾಣಲಿ ಹೊತ್ತು ಸಾರುವೆ ಹತ್ತುವ ಅಕ್ಕನನ್ನು ಕೆಲಸಕ್ಕೆ ಕರೆಯುವವರು ಯಾರು? ಡಾಕ್ಟರು ಹೇಳಿದ ಊನ ಬೇರೆ, ದುಡಿಮೆಗೆ ಬಿದ್ದ ಪೆಟ್ಟು ಬೇರೆ, ಎರಡನೆಯದನ್ನೇ ನೋಡಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೋರ್ಟು ನೂರಕ್ಕೆ 25 ಅಂತ ಒಪ್ಪಿದರೆ ವರ್ಷಕ್ಕೆ 36,000. ಹದಿನೈದರಿಂದ ಗುಣಿಸಿದರೆ 5,40,000. ಎರಡಕ್ಕೂ ವ್ಯತ್ಯಾಸ 2,16,000 ರೂಪಾಯಿ! ಅದಕ್ಕೇ ಸಾಕ್ಷಿ ಹೇಳುವಾಗ ಬರೀ "ಕೂಲಿ ಕೆಲಸ" ಅನ್ನಬೇಡಿ. ಏನು ಹೊರ್ತಿದ್ದಿರಿ, ಎಷ್ಟು ಹೊತ್ತು ನಿಲ್ತಿದ್ದಿರಿ, ಈಗ ಯಾವುದು ಆಗೋದಿಲ್ಲ ಅಂತ ಬಿಡಿಸಿ ಹೇಳಿ. ಮೇಸ್ತ್ರಿಯನ್ನು ಸಾಕ್ಷಿಗೆ ಕರೆದರೆ ಇನ್ನೂ ಒಳ್ಳೇದು.

"ನಾನು ಮನೇಲೇ ಇರೋಳು, ನನಗೇನು ದುಡಿಮೆ" ಅನ್ನುವ ಅಕ್ಕಂದಿರೂ ಕೇಳಿ. ಅಡಿಗೆ, ನೀರು, ಮಕ್ಕಳು, ದನಕರು, ಇದೂ ದುಡಿಮೆಯೇ, ಇದಕ್ಕೂ ಬೆಲೆ ಕಟ್ಟಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿದೆ.

ಗುದ್ದಿದವನ ತಪ್ಪು ಸಾಬೀತು ಮಾಡುವುದು ಕಷ್ಟವಾದರೆ ಇನ್ನೊಂದು ದಾರಿಯೂ ಇದೆ. ತಪ್ಪು ಯಾರದು ಅಂತ ಕೇಳದೆ, ಭಾರಿ ಗಾಯಕ್ಕೆ 2,50,000, ಸಾವಿಗೆ 5,00,000. ಎರಡು ದಾರಿಯಲ್ಲಿ ಯಾವುದು ಅಂತ ವಕೀಲರ ಹತ್ತಿರ ಕೂತು ಯೋಚಿಸಿ. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯೇ ಆಗದಿದ್ದರೆ ಭಾರಿ ಗಾಯಕ್ಕೆ 50,000, ಸಾವಿಗೆ 2,00,000 ಸಿಗುತ್ತೆ. ಇದಕ್ಕೆ ಕೋರ್ಟಲ್ಲ, ತಾಲ್ಲೂಕಿನ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

ತೀರ್ಪು ಬಂದ ಮೇಲೆ

ಹಣ ಬ್ಯಾಂಕ್ ಖಾತೆಗೆ ಬರುತ್ತೆ. ಒಂದು ಪಾಲನ್ನು ಕೋರ್ಟು ಠೇವಣಿ ಇಡಿಸಬಹುದು. ಓದು ಬಾರದವರ ಹಣವನ್ನು ಬೇರೆಯವರು ಲಪಟಾಯಿಸದಿರಲಿ ಅಂತ ಸುಪ್ರೀಂ ಕೋರ್ಟು 1990ರ ದಶಕದಲ್ಲಿ ಹಾಕಿಕೊಟ್ಟ ಪದ್ಧತಿ ಇದು. ಪಾಸ್‌ಬುಕ್ಕು ನಮ್ಮ ಕೈಯಲ್ಲೇ ಇರಲಿ. ಪರಿಹಾರ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು.

ನೀವೇ ಲೆಕ್ಕ ಹಾಕಿ

ಒಬ್ಬ ಅಣ್ಣನ ವಯಸ್ಸು 52. ತಿಂಗಳ ದುಡಿಮೆ 10,000 ರೂಪಾಯಿ. ದುಡಿಮೆಗೆ ಬಿದ್ದ ಪೆಟ್ಟು ನೂರಕ್ಕೆ 20. ಆ ವಯಸ್ಸಿಗೆ ಗುಣಿಸುವ ಸಂಖ್ಯೆ 11. ಮುಂದಿನ ದುಡಿಮೆಯ ಬಾಬ್ತು ಎಷ್ಟು ರೂಪಾಯಿ ಆಗುತ್ತೆ?

ಆಸ್ಪತ್ರೆಯ ಪುಸ್ತಕದಲ್ಲಿ ಬರೆಸಬೇಕಾದ ಮಾತನ್ನು ಎರಡು ಸಾಲಿನಲ್ಲಿ ಬರೆಯಿರಿ. ದಿನ, ಹೊತ್ತು, ಜಾಗ, ಗಾಡಿ ನಂಬರು ಇರಲಿ.