ಸಂಘದ ಲೆಕ್ಕವೂ ಆಡಿಟರ ಹೊಣೆಯೂ

ಒಂದು ವರ್ಷ ಕಡಲೆಕಾಯಿ ಮಾರಿದ ಹಣದಿಂದ ನಾವು ಸಹಕಾರ ಸಂಘಕ್ಕೆ ಸಾಲದ ಕಂತು ಕಟ್ಟಿದೆವು. ರಸೀದಿ ನಮ್ಮ ಕೈಯಲ್ಲಿತ್ತು. ಸಂಘದ ಖಾತೆಯಲ್ಲಿ ಮಾತ್ರ ಆ ಹಣ ಜಮೆಯಾಗಿರಲಿಲ್ಲ. ವಿಚಾರಿಸಿದರೆ, "ಲೆಕ್ಕ ಆಡಿಟ್ ಆಗಿದೆ ಮೇಷ್ಟ್ರೇ" ಎಂಬ ಉತ್ತರ ಬಂದಿತು. ರಸೀದಿ ತೋರಿಸಿದ ಮೇಲೆ ತಪ್ಪು ಸರಿಹೋಯಿತು. ರಸೀದಿ ಕಳೆದುಕೊಂಡವರ ಗತಿಯೇನು? ಹಾಗಾದರೆ ಆಡಿಟರ ಸಹಿಗೆ ಬೆಲೆಯೇನು?

ರೈತ ಬಾಂಧವರೇ, ಆಡಿಟರು ಹೊಲದ ಕಾವಲುಗಾರನಂತೆ. ಕಾಣದ ಸಂದಿಯಿಂದ ಹಂದಿ ನುಗ್ಗಿದರೆ ಅವನನ್ನು ದೂರಲಾಗದು. ಹೆಜ್ಜೆಯ ಗುರುತು ಕಂಡೂ ಸುಮ್ಮನಿದ್ದರೆ ತಪ್ಪು ಅವನದೇ. ಕಾನೂನೂ ಹೆಚ್ಚುಕಡಿಮೆ ಹೀಗೆಯೇ ಹೇಳುತ್ತದೆ. ಇದಕ್ಕೆ ಇಂಗ್ಲೆಂಡಿನ ಎರಡು ಹಳೆಯ ತೀರ್ಪುಗಳಿವೆ. ನಮ್ಮ ದೇಶದ ನ್ಯಾಯಾಲಯಗಳೂ ಅವನ್ನು ಗಣನೆಗೆ ತೆಗೆದುಕೊಂಡಿವೆ.

1895ರಲ್ಲಿ ಲಂಡನ್ನಿನ ಒಂದು ಬ್ಯಾಂಕಿನ ಮೊಕದ್ದಮೆ ನಡೆಯಿತು. ಸಾಲಗಳಿಗೆ ತಕ್ಕ ಭದ್ರತೆಯಿಲ್ಲವೆಂದು ಆಡಿಟರು ನಿರ್ದೇಶಕರಿಗೆ ತಿಳಿಸಿದ್ದರು; ಷೇರುದಾರರಿಗೆ ಸ್ಪಷ್ಟವಾಗಿ ಹೇಳಲಿಲ್ಲ. ನ್ಯಾಯಾಲಯ ಅವರನ್ನೇ ಹೊಣೆ ಮಾಡಿತು. 1896ರಲ್ಲಿ ಕಿಂಗ್‌ಸ್ಟನ್ ಹತ್ತಿ ಗಿರಣಿಯ ಮ್ಯಾನೇಜರು ದಾಸ್ತಾನನ್ನು ಹೆಚ್ಚಿಸಿ ತೋರಿಸಿದ್ದರು. ಸಂಶಯಕ್ಕೆ ಕಾರಣವಿಲ್ಲದಾಗ ಅವರ ಮಾತು ನಂಬಿದ ಆಡಿಟರು ಹೊಣೆಯಲ್ಲವೆಂದು ತೀರ್ಪಾಯಿತು. ಅಂದರೆ, ಸಂಶಯ ಹುಟ್ಟಿದ ಮೇಲೆ ಕಣ್ಣು ಮುಚ್ಚುವುದಕ್ಕೆ ಕ್ಷಮೆಯಿಲ್ಲ.

ಈಚಿನ ಸಂಗತಿಯನ್ನೂ ನೋಡೋಣ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರದಲ್ಲಿ ಒಪ್ಪಿಕೊಂಡರು. ಆ ಲೆಕ್ಕಗಳಿಗೆ ಆಡಿಟರ ಸಹಿ ಇತ್ತು. ಇದು ಬರಿಯ ಅಲಕ್ಷ್ಯದ ಮೊಕದ್ದಮೆಯಾಗಿ ಉಳಿಯಲಿಲ್ಲ, ವಂಚನೆಯ ಆರೋಪವಾಯಿತು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ 10 ಮಂದಿಯಲ್ಲಿ ಇಬ್ಬರು ಆಡಿಟರೂ ಇದ್ದರು; ಅದರ ಮೇಲೆ ಅಪೀಲುಗಳಾದವು. ಬ್ಯಾಂಕಿನ ಹಣವನ್ನು ಬ್ಯಾಂಕಿನಿಂದಲೇ ನೇರವಾಗಿ ಕೇಳಿ ತಿಳಿಯಬೇಕೆಂಬ ಪಾಠ ಇದರಲ್ಲಿದೆ.

1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯಂತೆ ಕೆಲಸದಲ್ಲಿ ಘೋರ ಅಲಕ್ಷ್ಯವು ವೃತ್ತಿ ದೋಷ. ಅಂಥವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ನಮ್ಮ ಪೆನುಕೊಂಡದ ಕಡೆಯ ಸಂಘಗಳಿಗೆ ಅನ್ವಯಿಸುವ ಆಂಧ್ರಪ್ರದೇಶ ಸಹಕಾರ ಸಂಘಗಳ 1964ರ ಕಾಯಿದೆಯ 50ನೆಯ ಕಲಮು ಲೆಕ್ಕ ತನಿಖೆಯ ವಿಷಯ ಹೇಳುತ್ತದೆ. ಆಡಳಿತ ನಡೆಸಿದವರು ಹಣ ದುರುಪಯೋಗ ಮಾಡಿದ್ದರೆ, ಬೇಕೆಂದೇ ಅಲಕ್ಷ್ಯ ತೋರಿ ನಷ್ಟ ಮಾಡಿದ್ದರೆ, 60ನೆಯ ಕಲಮಿನಂತೆ ಅವರಿಂದ ವಸೂಲು ಮಾಡಬಹುದು.

ಆದುದರಿಂದ ನಾವು ಮಾಡಬೇಕಾದುದು ಇಷ್ಟು:

1. ರಸೀದಿಗಳನ್ನು ಜೋಪಾನವಾಗಿಡಿ, ಪಾಸ್ ಪುಸ್ತಕವನ್ನು ವರ್ಷಕ್ಕೊಮ್ಮೆಯಾದರೂ ಸಂಘದ ಖಾತೆಯೊಡನೆ ಹೋಲಿಸಿ ನೋಡಿ.

2. ಮಹಾಸಭೆಯಲ್ಲಿ ಆಡಿಟ್ ವರದಿಯನ್ನು, ಅದರಲ್ಲೂ ಆಕ್ಷೇಪಣೆಗಳನ್ನು, ಓದಲು ಹೇಳಿ. ತೆಲುಗು ಓದಬಾರದವರು ಬಲ್ಲವರಿಂದ ಕನ್ನಡದಲ್ಲಿ ಅರ್ಥ ಮಾಡಿಸಿಕೊಳ್ಳಿ, ನಾಚಿಕೆ ಬೇಡ.

3. ಸಂಶಯವಿದ್ದರೆ ಬಾಯಲ್ಲಿ ಹೇಳಿ ಬಿಡಬೇಡಿ. ಬರೆದು ಆಡಿಟರಿಗೆ ಕೊಟ್ಟು, ನಕಲಿನ ಮೇಲೆ ತಾರೀಖು ಸಹಿತ ಸಹಿ ಪಡೆಯಿರಿ. ಆಮೇಲೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಅವರಿಗೆ ಆಗದು.

ನಮ್ಮ ಬರಹದ ಒಂದು ಹಾಳೆಯೇ ಅವರ ಹೊಣೆಗೆ ಸಾಕ್ಷಿ. ಸಂಘದ ಹಣ ನಮ್ಮ ಬೆವರಿನದು. ಕಾಯುವವರು ನಿದ್ದೆ ಹೋಗದಂತೆ ನಾವೂ ಎಚ್ಚರವಾಗಿರಬೇಕು.