ಉಭಯವೇತನರು ಮತ್ತು ರಕ್ಕಸಗಿ–ತಂಗಡಗಿ ಯುದ್ಧ

ಎರಡೂ ಪಕ್ಷಗಳಿಂದ ಸಂಬಳ ಪಡೆಯುವ ಗೂಢಚಾರನನ್ನು ಕೌಟಿಲ್ಯನ ಅರ್ಥಶಾಸ್ತ್ರವು ‘ಉಭಯವೇತನ’ ಎಂದು ಕರೆಯುತ್ತದೆ. ಒಡೆಯನ ಹಿತಕ್ಕಾಗಿಯೇ ಶತ್ರುವಿನ ಸೇವೆಗೆ ಸೇರುವ ಇಂಥವನ ಹೆಂಡತಿ ಮಕ್ಕಳನ್ನು ರಾಜನು ತನ್ನ ವಶದಲ್ಲಿರಿಸಿಕೊಳ್ಳಬೇಕೆಂಬ ವಿಧಿ ಅದರಲ್ಲಿದೆ. ಮುದ್ದೇಬಿಹಾಳ ಪರಿಸರದ ರಕ್ಕಸಗಿ–ತಂಗಡಗಿಗಳ ಹೆಸರಿನಿಂದಲೂ ಗುರುತಿಸಲಾಗುವ 1565ರ ತಾಳಿಕೋಟೆ ಯುದ್ಧದ ಚರ್ಚೆಗೆ ಈ ಪರಿಕಲ್ಪನೆ ಉಪಯುಕ್ತವಾಗಿದೆ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್, ವಿಜಯನಗರದ ಪಕ್ಷದ ಇಬ್ಬರು ಮುಸ್ಲಿಂ ಸೇನಾನಿಗಳು ರಣರಂಗದಲ್ಲಿ ತಿರುಗಿಬಿದ್ದುದೇ ಸೋಲಿಗೆ ಕಾರಣವೆಂದು ಬರೆದಿದ್ದಾನೆ. ಆದರೆ ಅವರು ಮೊದಲಿನಿಂದಲೂ ಸುಲ್ತಾನರ ವೇತನ ಪಡೆಯುತ್ತಿದ್ದರೆಂಬುದು ಈ ಹೇಳಿಕೆಯೊಂದರಿಂದಲೇ ಸಿದ್ಧವಾಗುವುದಿಲ್ಲ. ಪಕ್ಷಾಂತರ ಬೇರೆ, ಉಭಯವೇತನ ಬೇರೆ. ಎರಡನ್ನೂ ‘ದ್ರೋಹ’ವೆಂಬ ಒಂದೇ ಪದದಲ್ಲಿ ಅಡಗಿಸಿದಾಗ ಸೈನಿಕ ಹಾಗೂ ರಾಜಕೀಯ ಕಾರಣಗಳು ಮರೆಯಾಗಿ, ಯುದ್ಧವು ಕೇವಲ ಧರ್ಮಗಳ ಕಲಹವಾಗಿ ತೋರತೊಡಗುತ್ತದೆ.