ಟಿಲ್ಲರಿನ ಬಲ ಎಲ್ಲಿ ಹೋಗುತ್ತದೆ?
(ಯಂತ್ರಕ್ಕೆ ಮಾರ್ಪಾಡು ಮಾಡಿಸುವ ಮುನ್ನ ಓದತಕ್ಕ ಪಾಠ)



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮನೆಗೆ ತಂದ ಮೇಲೂ ಅದರ ತ್ರಾಣಕ್ಕೆ ತಕ್ಕ ಕೆಲಸವನ್ನೇ ಹಚ್ಚುತ್ತೇವೆ. ಲಕ್ಷಗಟ್ಟಲೆ ಹಣ ಕೊಟ್ಟು ತಂದ ಪವರ್ ಟಿಲ್ಲರಿನ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ಮರೆಯುತ್ತೇವೆ. ಒಂದು ಹಂಗಾಮು ಕಳೆಯುವುದರೊಳಗೆ "ಇದು ಎಳೆಯೋದಿಲ್ಲ" ಎಂಬ ಮಾತು ಹುಟ್ಟುತ್ತದೆ. ಕೂಡಲೇ ಯಂತ್ರವನ್ನು ಲೇತಿನ ಅಂಗಡಿಗೆ ಒಯ್ದು ದೊಡ್ಡ ಪುಲ್ಲಿ ಹಾಕಿಸುವುದು, ದೊಡ್ಡ ಚಕ್ರ ಕೂರಿಸುವುದು, ಡೀಸೆಲ್ ಪಂಪಿನ ಸೀಲು ಒಡೆಸಿ ಸ್ಕ್ರೂ ತಿರುಗಿಸುವುದು ನಡೆಯುತ್ತದೆ. ಹೀಗೆ ಮಾಡಿಸಿದವರಲ್ಲಿ ಹಲವರು ಮರುವರ್ಷವೇ ಪಿಸ್ಟನ್, ರಿಂಗು, ಲೈನರ್ ಎಂದು ಇನ್ನೊಮ್ಮೆ ಹಣ ಸುರಿಯುವುದನ್ನು ನಾನು ಹಳ್ಳಿಗಳ ಮೇಲೆ ತಿರುಗುವಾಗ ನೋಡಿದ್ದೇನೆ. ಆದ್ದರಿಂದ ಎಂಜಿನ್ನಿನ ಬಲವೆಂದರೆ ಏನು, ಅದು ಎಲ್ಲಿ ವ್ಯಯವಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ ತಿಳಿಯೋಣ. ಲೆಕ್ಕ ಕಷ್ಟದ್ದಲ್ಲ, ಕೊಬ್ಬರಿ ತೂಕ ಹಾಕಿಸಿ ಹಣ ಎಣಿಸಿಕೊಳ್ಳುವವರಿಗೆ ಇದು ಸಲೀಸು.

ಕುದುರೆಬಲ

75 ಕಿಲೋ ತೂಕದ ಒಂದು ಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವ ಕೆಲಸಕ್ಕೆ ಒಂದು ಕುದುರೆಬಲ ಎಂದು ಹೆಸರು. ಇದನ್ನೇ ಎಚ್.ಪಿ. ಎನ್ನುತ್ತಾರೆ. ನಮ್ಮ ಹಳ್ಳಿಕಾರ್ ಜೋಡಿಯನ್ನು ತೆಗೆದುಕೊಳ್ಳಿ. ಎತ್ತು ದಿನವಿಡೀ ಬಳಲದೆ ಎಳೆಯಬಲ್ಲದ್ದು ತನ್ನ ತೂಕದ ಹತ್ತನೆಯ ಒಂದು ಪಾಲು. ಜೋಡಿಯ ತೂಕ 700 ಕಿಲೋ ಇದ್ದರೆ ಎಳೆತ 70 ಕಿಲೋ. ಸೆಕೆಂಡಿಗೆ ಒಂದು ಮೀಟರ್ ನಡೆದರೆ ಹೆಚ್ಚು ಕಡಿಮೆ ಒಂದು ಕುದುರೆಬಲ ಆಯಿತು. ನಮ್ಮ ಕಡೆ ಬಳಕೆಯಲ್ಲಿರುವ ಟಿಲ್ಲರುಗಳು ಬಹುಪಾಲು 12, 13 ಕುದುರೆಬಲದವು. ಅಂದ ಮೇಲೆ ಹನ್ನೆರಡು ಹದಿಮೂರು ಜೋಡಿ ಎತ್ತು ಎಳೆದಷ್ಟು ಎಳೆಯಬೇಕಲ್ಲ, ಏಕೆ ಎಳೆಯುವುದಿಲ್ಲ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಪಾಠವೆಲ್ಲ ಇರುವುದು ಅದರ ಉತ್ತರದಲ್ಲಿ.

13 ಕುದುರೆಬಲವೆಂದರೆ 13 × 75, ಅಂದರೆ ಸೆಕೆಂಡಿಗೆ 975 ಕಿಲೋ-ಮೀಟರ್ ಕೆಲಸ. ಬೆಲ್ಟು, ಗೇರುಗಳಲ್ಲಿ ಐದರಲ್ಲಿ ಒಂದು ಪಾಲು ಹೋಯಿತೆನ್ನಿ, 780 ಉಳಿಯಿತು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಚಕ್ರದ ಬಳಿ 780 ಕಿಲೋ ಎಳೆತ ಸಿಕ್ಕಬೇಕು. ಆದರೆ ಟಿಲ್ಲರಿನ ತೂಕವೇ ಸುಮಾರು 400 ಕಿಲೋ. ಸಡಿಲ ಮಣ್ಣಿನಲ್ಲಿ ರಬ್ಬರ್ ಚಕ್ರ ತನ್ನ ಮೇಲಿನ ಭಾರದ ಅರ್ಧಕ್ಕಿಂತ ಹೆಚ್ಚು ಎಳೆತವನ್ನು ನೆಲದಿಂದ ಪಡೆಯಲಾರದು. ಅಂದರೆ 200 ಕಿಲೋ. ಅದಕ್ಕಿಂತ ಹೆಚ್ಚು ಕೇಳಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. 200 ಕಿಲೋ ಎಳೆತಕ್ಕೆ ಆ ವೇಗದಲ್ಲಿ ಬೇಕಾದದ್ದು ಮೂರು ಕುದುರೆಬಲಕ್ಕೂ ಕಡಿಮೆ! ಉಳಿದ ಏಳೆಂಟು ಕುದುರೆಬಲ ಎಂಜಿನ್ನಿನಲ್ಲೇ ಸುಮ್ಮನೆ ಕುಳಿತಿದೆ. ಎಂಜಿನ್ನಿಗೆ ಇನ್ನೂ ಬಲ ಸೇರಿಸಿದರೆ ಆಗುವ ಪ್ರಯೋಜನವೇನು?

ಇದು ಯಂತ್ರದ ದೋಷವಲ್ಲ. ಈ ಯಂತ್ರ ಹುಟ್ಟಿದ್ದು ಜಪಾನಿನ ಸಣ್ಣ ಭತ್ತದ ಗದ್ದೆಗಳಿಗಾಗಿ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯವರ ಸಹಯೋಗದಿಂದ ಆರಂಭವಾಯಿತು. ಕೇರಳದ ಕ್ಯಾಮ್ಕೊ ಸಂಸ್ಥೆ 1973ರಲ್ಲಿ ಬಂತು. ಎರಡರ ಟಿಲ್ಲರಿನಲ್ಲೂ ಮುಖ್ಯ ಅಂಗ ಹಿಂದಿರುವ ರೋಟರಿ. ರೋಟರಿಯ ಅಲಗುಗಳಿಗೆ ಬಲ ಎಂಜಿನ್ನಿನಿಂದ ನೇರವಾಗಿ ಹೋಗುತ್ತದೆ, ಚಕ್ರದ ಹಿಡಿತವನ್ನು ನಂಬಬೇಕಿಲ್ಲ. 13 ಕುದುರೆಬಲ ಪೂರಾ ಕೆಲಸಕ್ಕೆ ಬರುವುದು ಅಲ್ಲಿ. ಟಿಲ್ಲರಿಗೆ ನೇಗಿಲು ಕಟ್ಟಿ "ಎತ್ತಿನಷ್ಟೂ ಇಲ್ಲ" ಎನ್ನುವವರು ಬರೆಯುವ ಕೈಯಿಂದ ಗುದ್ದಲಿ ಕೆಲಸ ಕೇಳಿದಂತೆ.

ಶಬ್ದ ಕೇಳಿ ರೋಗ ತಿಳಿಯುವುದು

ಟಿಲ್ಲರ್ ಎಳೆಯದಿದ್ದಾಗ ಮೊದಲು ಕಿವಿಗೊಡಿ. ಎಂಜಿನ್ನಿನ ಶಬ್ದ ಕುಗ್ಗದೆ ಒಂದೇ ಸಮನಾಗಿದ್ದು ಚಕ್ರ ಮಾತ್ರ ಸುತ್ತುತ್ತಿದ್ದರೆ ಕೊರತೆ ಇರುವುದು ಹಿಡಿತದಲ್ಲಿ. ಚಕ್ರ ಹಿಡಿದಿದ್ದು ಶಬ್ದ ಕುಗ್ಗುತ್ತಾ ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಯಿತು, ಇಲ್ಲವೆ ಎಂಜಿನ್ನಿಗೆ ಉಸಿರು ಕಟ್ಟಿದೆ ಎಂದು ತಿಳಿಯಬೇಕು. ಎಂಜಿನ್ನಿನ ಶಬ್ದವೂ ಚೆನ್ನಾಗಿದ್ದು ಚಕ್ರವೂ ಸುತ್ತದೆ ನಿಂತರೆ ಬೆಲ್ಟು ಸಡಿಲ ಅಥವಾ ಕ್ಲಚ್ ಸವೆದಿದೆ. ಈ ಮೂರನ್ನು ಬೇರೆ ಮಾಡಿ ನೋಡದೆ ಸ್ಪಾನರ್ ಹಿಡಿಯಬಾರದು.

ಹಿಡಿತವನ್ನು ಅಳೆಯಲು ಒಂದು ಸುಣ್ಣದ ಕಡ್ಡಿ ಸಾಕು. ಟೈರಿನ ಪಕ್ಕಕ್ಕೆ ಒಂದು ಗೆರೆ ಎಳೆಯಿರಿ. ಗಟ್ಟಿ ನೆಲದಲ್ಲಿ ಬರಿದೇ ಓಡಿಸಿ, ಚಕ್ರ ಹತ್ತು ಸುತ್ತು ಸುತ್ತುವಷ್ಟರಲ್ಲಿ ಎಷ್ಟು ದೂರ ಹೋಯಿತೆಂದು ಅಳೆಯಿರಿ. 18 ಮೀಟರ್ ಬಂತೆನ್ನಿ. ಅನಂತರ ತೋಟದಲ್ಲಿ ಕೆಲಸ ಮಾಡುವಾಗ ಅದೇ ಹತ್ತು ಸುತ್ತಿಗೆ 14 ಮೀಟರ್ ಬಂದರೆ 4 ಮೀಟರ್ ಜಾರಿಹೋಯಿತು, ನೂರಕ್ಕೆ 22ರಷ್ಟು. ನೂರಕ್ಕೆ 15ರ ತನಕ ಜಾರುವುದು ಸಹಜ. 20 ದಾಟಿದರೆ ಡೀಸೆಲ್ಲೂ ಟೈರೂ ಮಣ್ಣಿನಲ್ಲಿ ಹೋಗುತ್ತಿವೆ. ಆಗ ಚಕ್ರಗಳಿಗೆ ತೂಕದ ಬಿಲ್ಲೆ ಕಟ್ಟಿ. ಟೈರಿನ ಗಾಳಿಯನ್ನು ಪುಸ್ತಕದಲ್ಲಿ ಹೊಲಕ್ಕೆಂದು ಹೇಳಿದ ಮಟ್ಟಕ್ಕೆ ಇಳಿಸಿ. ಗುಬ್ಬು ಸವೆದ ಟೈರನ್ನು ತೆಗೆಯಿರಿ. ರಸ್ತೆಗಾಗಿ ತುಂಬಿದ ಗಾಳಿಯಲ್ಲೇ ತೋಟಕ್ಕೆ ಇಳಿಸುವುದು ನಮ್ಮಲ್ಲಿ ಬಹು ಸಾಮಾನ್ಯವಾದ ತಪ್ಪು. ಟೈರು ಮೆತ್ತಗಿದ್ದರೆ ಹೆಚ್ಚು ನೆಲವನ್ನು ಮುಟ್ಟುತ್ತದೆ. ಜಪಾನಿನ ಹೋಂಡಾ ಸಂಸ್ಥೆ 1970ರಲ್ಲಿ ಮರಳು, ಕೆಸರುಗಳಲ್ಲಿ ಓಡಾಡುವ ಮೂರು ಗಾಲಿಯ ಪುಟ್ಟ ಬಂಡಿಯನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಅದರ ಎಂಜಿನ್ ಬರಿಯ 90 ಸಿ.ಸಿ.ಯದು. ಅದು ಮರಳಿನ ಮೇಲೆ ತೇಲಿದಂತೆ ಹೋಗುತ್ತಿದ್ದುದು ಕಡಿಮೆ ಗಾಳಿಯ ಉಬ್ಬು ಟೈರುಗಳಿಂದ. ಮುಂದೆ ಅಂಥ ಬಂಡಿಗಳು ಮಗುಚಿಬಿದ್ದು ಬಹಳ ಜನ ಸತ್ತರು, 1988ರಲ್ಲಿ ಅಲ್ಲಿ ಅವುಗಳ ಮಾರಾಟವೇ ನಿಂತುಹೋಯಿತು. ಆ ಮಾತು ನಮಗೂ ತಗಲುತ್ತದೆ, ಕೆಳಗೆ ನೋಡಿ.

ಪುಲ್ಲಿ, ದೊಡ್ಡ ಚಕ್ರ ಮತ್ತು ಇಳಿಜಾರು

ಎಂಜಿನ್ ಕಡೆಯ ಪುಲ್ಲಿ 4 ಅಂಗುಲ ಇದ್ದುದನ್ನು 5 ಅಂಗುಲ ಮಾಡಿಸಿದರೆ ವೇಗ ಕಾಲು ಪಾಲು ಹೆಚ್ಚುತ್ತದೆ. ಎಳೆತ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಎತ್ತರದ ಚಕ್ರ ಹಾಕಿಸಿದರೂ ಇದೇ ಫಲ. ಪುಲ್ಲಿಯೂ ಚಕ್ರವೂ ಹೊಸ ಬಲವನ್ನು ಹುಟ್ಟಿಸುವುದಿಲ್ಲ, ಎಳೆತವನ್ನು ಕೊಟ್ಟು ವೇಗವನ್ನು ಕೊಳ್ಳುತ್ತವೆ. ಚಿಲ್ಲರೆ ಬದಲಾಯಿಸಿಕೊಂಡ ಹಾಗೆ, ಒಟ್ಟು ಹಣ ಅಷ್ಟೇ. ಆದರೂ ಕಾಯಿ, ಸಿಪ್ಪೆ, ಕೆರೆಗೋಡು ಹೊಡೆಯಲು ಟ್ರೇಲರ್ ಕಟ್ಟುವವರು ಮೊದಲು ಕೇಳುವುದು ವೇಗವನ್ನೇ. ಅಪಾಯವಿರುವುದು ಇಲ್ಲಿ.

ಹತ್ತಕ್ಕೆ ಒಂದರ ಏರಿನಲ್ಲಿ ಪ್ರತಿ ಟನ್ ಭಾರಕ್ಕೆ 100 ಕಿಲೋ ಎಳೆತ ಬೇಕು. ಟಿಲ್ಲರೂ ಟ್ರೇಲರೂ ಗೋಡೂ ಸೇರಿ ಎರಡು ಟನ್ನಾದರೆ 200 ಕಿಲೋ. ಮೇಲೆ ಹೇಳಿದ ಚಕ್ರದ ಹಿಡಿತ ಅಲ್ಲಿಗೇ ಮುಗಿಯಿತು. ಇಳಿಯುವಾಗ ಅದೇ 200 ಕಿಲೋ ಹಿಂದಿನಿಂದ ತಳ್ಳುತ್ತದೆ. ಅದನ್ನು ತಡೆದು ಹಿಡಿಯುವುದು ಗೇರಿನಲ್ಲಿರುವ ಎಂಜಿನ್. ಪುಲ್ಲಿ ದೊಡ್ಡದು ಮಾಡಿಸಿದವರ ಎಂಜಿನ್ನಿಗೆ ಆ ತಡೆಯುವ ಶಕ್ತಿಯೂ ಐದರಲ್ಲಿ ಒಂದು ಪಾಲು ಇಳಿದಿರುತ್ತದೆ.

ಇನ್ನೊಂದು ಮಾತನ್ನು ಮನೆಯ ಹುಡುಗರಿಗೆ ಓದಿ ಹೇಳಿ. ಟಿಲ್ಲರಿನ ಎಡಗೈ ಕ್ಲಚ್ ಒತ್ತಿದರೆ ಎಡಕ್ಕೆ ತಿರುಗುವುದು ಸಮನೆಲದಲ್ಲಿ ಮತ್ತು ಏರಿನಲ್ಲಿ. ಭಾರ ಹೊತ್ತು ಇಳಿಯುವಾಗ ಅದು ತಲೆಕೆಳಗಾಗುತ್ತದೆ. ಒತ್ತಿದ ಎಡಚಕ್ರಕ್ಕೆ ಎಂಜಿನ್ನಿನ ತಡೆ ತಪ್ಪಿ ಅದು ಮುಂದಕ್ಕೆ ಓಡುತ್ತದೆ, ತಡೆಯಿರುವ ಬಲಚಕ್ರ ಹಿಂದುಳಿಯುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ಕೆರೆಯೇರಿಯಿಂದ ಗೋಡಿನ ಟ್ರೇಲರ್ ಇಳಿಸುತ್ತಿದ್ದ ಹುಡುಗ ಇದನ್ನು ಅರಿಯದೆ ಎಡಕ್ಕೆಂದು ಎಡಗೈಯನ್ನೇ ಒತ್ತಿದ. ಯಂತ್ರ ಬಲದ ಹಳ್ಳಕ್ಕೆ ಹೋಯಿತು. ಟ್ರೇಲರ್ ಮಗುಚುವ ಮುಂಚೆ ಅವನು ಹಾರಿಕೊಂಡದ್ದು ಅದೃಷ್ಟ. ಕಾಲಿನ ಮೂಳೆ ಮುರಿದು ಮೂರು ತಿಂಗಳು ಮಲಗಿದ. ಮರುದಿನ ನಾನು ಅಲ್ಲಿ ಹೋಗಿ ನೋಡಿದಾಗ ಬ್ರೇಕಿನ ಕಡ್ಡಿಯೇ ಕಳಚಿತ್ತು, ಪುಲ್ಲಿ ಮಾತ್ರ ಹೊಸದು. ಇಳಿಜಾರಿಗೆ ಮುನ್ನ, ಮೇಲೆಯೇ ನಿಲ್ಲಿಸಿ, ಚಿಕ್ಕ ಗೇರ್ ಹಾಕಿಕೊಳ್ಳಬೇಕು. ಇಳಿಯುವಾಗ ಗೇರ್ ತೆಗೆಯಬಾರದು, ಕೈ ಕ್ಲಚ್ಚುಗಳನ್ನು ಮುಟ್ಟಬಾರದು. ಹಿಡಿಯನ್ನು ತೋಳಿನಿಂದ ನೂಕಿ ತಿರುಗಿಸಬೇಕು, ಟ್ರೇಲರಿನ ಬ್ರೇಕನ್ನು ಕಾಲಿನಿಂದ ಹದವಾಗಿ ಒತ್ತಬೇಕು. ಲೇತಿನ ಅಂಗಡಿಯಲ್ಲಿ ಖರ್ಚು ಮಾಡಲೇಬೇಕೆಂದಿದ್ದರೆ ಟ್ರೇಲರಿನ ಎರಡೂ ಚಕ್ರಕ್ಕೆ ಒಳ್ಳೆಯ ಬ್ರೇಕ್ ಮಾಡಿಸಿ. ಅದಕ್ಕಿಂತ ಉತ್ತಮ ಮಾರ್ಪಾಡು ನನಗೆ ತಿಳಿಯದು.

ಸೀಲು ಒಡೆಯುವುದು

ಡೀಸೆಲ್ ಎಂಜಿನ್ನಿನಲ್ಲಿ ಬಲ ಹುಟ್ಟುವುದು ಗಾಳಿಯಲ್ಲಿ ಡೀಸೆಲ್ ಉರಿದು. ಒಂದು ಕಿಲೋ ಡೀಸೆಲ್ ಹೊಗೆಯಿಲ್ಲದೆ ಉರಿಯಲು 18ರಿಂದ 20 ಕಿಲೋ ಗಾಳಿ ಬೇಕು. ಟಿಲ್ಲರಿನ ಸಿಲಿಂಡರ್ ಮುಕ್ಕಾಲು ಲೀಟರಿಗೂ ಕಡಿಮೆ. ನಿಮಿಷಕ್ಕೆ 2400 ಸುತ್ತು ಸುತ್ತುವಾಗ 1200 ಸಲ ಉಸಿರೆಳೆಯುತ್ತದೆ. ಒಂದೊಂದು ಉಸಿರಿಗೆ ಹಿಡಿಸುವ ಗಾಳಿ ಇಷ್ಟೇ ಎಂದು ಗೊತ್ತಾಗಿದೆ. ಅದರಲ್ಲೂ ನಮ್ಮ ತಿಪಟೂರು ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಏಳೆಂಟರಷ್ಟು ತೆಳು. ಸೀಲು ಒಡೆದು ಸ್ಕ್ರೂ ತಿರುಗಿಸಿದರೆ ಡೀಸೆಲ್ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಒಂದಿಷ್ಟು ಬಲ ಕಂಡಂತಾಗುತ್ತದೆ. ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಹೊರಡುತ್ತದೆ, ಉಳಿದದ್ದು ಲೈನರಿನ ಎಣ್ಣೆಯನ್ನು ತೊಳೆದು ರಿಂಗನ್ನು ತಿನ್ನುತ್ತದೆ. ಒಲೆಗೆ ಹಸಿ ಗರಿ ತುರುಕಿದರೆ ಅನ್ನ ಬೇಗ ಬೇಯುವುದೇ?

ಗವರ್ನರ್ ಸಡಿಲಿಸಿ ಸುತ್ತು ಹೆಚ್ಚಿಸುವುದು ಇನ್ನೂ ಕೆಟ್ಟದ್ದು. ಸುತ್ತು ನೂರಕ್ಕೆ 20ರಷ್ಟು ಏರಿದರೆ ಕನೆಕ್ಟಿಂಗ್ ರಾಡಿನ ಬೋಲ್ಟುಗಳ ಮೇಲೆ ಬೀಳುವ ಸೆಳೆತ ನೂರಕ್ಕೆ 44ರಷ್ಟು ಏರುತ್ತದೆ. ಬೋಲ್ಟು ತುಂಡಾದರೆ ರಾಡು ಎಂಜಿನ್ನಿನ ಹೊಟ್ಟೆಯನ್ನು ಒಡೆದುಕೊಂಡು ಹೊರಬರುತ್ತದೆ. ಗವರ್ನರನ್ನೂ ಪಂಪನ್ನೂ ಕಂಪನಿಯ ಅಳತೆಗೆ ಕೂರಿಸಬಲ್ಲವರ ಹೊರತು ಬೇರೆಯವರ ಕೈಗೆ ಕೊಡಬೇಡಿ.

ಕಪ್ಪು ಹೊಗೆ ಬಂದರೆ ಮೊದಲು ನೋಡತಕ್ಕದ್ದು ಏರ್ ಕ್ಲೀನರ್. ನಮ್ಮ ಕೆಂಪು ಮಣ್ಣಿನ ದೂಳಿನಲ್ಲಿ ರೋಟರಿ ಹೊಡೆಯುವವರು ಅದರ ಬಟ್ಟಲಿನ ಎಣ್ಣೆಯನ್ನು ದಿನವೂ ನೋಡಬೇಕು. ಕೆಸರಿನಂತೆ ಕಂಡರೆ ಅಂದೇ ಬದಲಾಯಿಸಬೇಕು. "ಉಸಿರು ಸರಾಗವಾಗಲಿ" ಎಂದು ಕ್ಲೀನರನ್ನೇ ಕಿತ್ತಿಟ್ಟವರಿದ್ದಾರೆ. ಆ ದೂಳು ಉಪ್ಪುಕಾಗದದಂತೆ ಲೈನರನ್ನು ಉಜ್ಜುತ್ತದೆ. ನೀಲಿ ಹೊಗೆ ಕಂಡರೆ ಎಂಜಿನ್ ಎಣ್ಣೆ ಉರಿಯುತ್ತಿದೆ, ಸವೆತ ಆಗಿಹೋಗಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ ಕೆಟ್ಟಿರಬಹುದು, ಇಲ್ಲವೆ ನೀರು ಒಳಸೇರುತ್ತಿರಬಹುದು.

ಡೀಸೆಲ್ಲಿನ ಲೆಕ್ಕವನ್ನೂ ಇಡಿ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಒಂದು ಗಂಟೆ ದುಡಿಸಿ, ಅಳತೆಯ ಡಬ್ಬದಿಂದ ಮತ್ತೆ ತುಂಬಿ. ಒಳ್ಳೆಯ ಎಂಜಿನ್ ಪೂರ್ತಿ ಹೊರೆಯಲ್ಲಿ ಕುದುರೆಬಲಕ್ಕೆ ಗಂಟೆಗೆ ಸುಮಾರು 200 ಗ್ರಾಂ ಕುಡಿಯುತ್ತದೆ. 13 ಕುದುರೆಬಲಕ್ಕೆ ಮೂರು ಲೀಟರಿನ ಮೇಲೆ ಸ್ವಲ್ಪ. ಸಾಧಾರಣ ಕೆಲಸದಲ್ಲಿ ಇದಕ್ಕಿಂತ ಕಡಿಮೆಯೇ ಇರಬೇಕು.

ತೆಂಗಿನ ಬುಡದ ಮಾತು

ಎಂಜಿನ್ ಸರಿಯಾದ ಮೇಲೆ ರೋಟರಿಯನ್ನು ಆಳಕ್ಕೆ ಬಿಡುವ ಆಸೆಯಾಗುತ್ತದೆ. ತೆಂಗಿನ ಉಣ್ಣುವ ಬೇರುಗಳು ಬಹುಪಾಲು ಬುಡದ ಸುತ್ತ ಆರು ಅಡಿಯೊಳಗೇ ಇವೆ. ಅಲ್ಲಿ ಯಂತ್ರ ತರಬೇಡಿ, ಗುದ್ದಲಿಯಲ್ಲೇ ಪಾತಿ ಮಾಡಿ. ಅಣಬೆ ರೋಗ ಕಂಡ ತೋಟಗಳಲ್ಲಿ ಈ ಮಾತು ಇನ್ನೂ ಮುಖ್ಯ. ಆ ರೋಗ ಮಣ್ಣಿನಿಂದಲೂ ಬೇರಿನಿಂದ ಬೇರಿಗೂ ಹರಡತಕ್ಕದ್ದು. ರೋಗದ ಮರದ ಸುತ್ತ ಉಳಬೇಡಿ. ಬಾಡಿಗೆಯ ಟಿಲ್ಲರ್ ಬೇರೆ ತೋಟದಿಂದ ಬಂದಿದ್ದರೆ ಅಲಗಿಗೆ ಮೆತ್ತಿದ ಮಣ್ಣನ್ನು ಬದುವಿನ ಆಚೆಯೇ ತೊಳೆಸಿ ಒಳಗೆ ಬಿಡಿ. ಬಾಡಿಗೆಯವರು ಗೊಣಗಿದರೆ ಗೊಣಗಲಿ. ರೋಗದ ಬಗ್ಗೆ ಸಂದೇಹವಿದ್ದರೆ ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹತ್ತು ಸುತ್ತಿನ ಅಳತೆ, ಗಂಟೆಯ ಡೀಸೆಲ್, ಹೊಗೆಯ ಬಣ್ಣ ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ನಿಮ್ಮ ಊರಿಗೆ ಬಂದಾಗ ಆ ಪುಸ್ತಕ ತೋರಿಸಿದರೆ ಕುಳಿತು ನೋಡೋಣ. ಮುಂದಿನ ಪಾಠದಲ್ಲಿ ಏರ್ ಕ್ಲೀನರ್ ಬಿಚ್ಚಿ ತೊಳೆಯುವ ಕ್ರಮ ಮತ್ತು ಬೆಲ್ಟಿನ ಬಿಗಿ ನೋಡುವ ಕ್ರಮ.